ಎರಡನೆಯ ದನಿ

ನಾಳೆ ಬೆಳಿಗ್ಗೆ ನಾನು ಕೆಳಗೆ ಇಳಿಯುತ್ತೇನೆ. ನೆನೆದರೆ ಸಾಕು, ಕೈಕಾಲು ಒಂದು ಕಡೆ ನಿಲ್ಲುವುದಿಲ್ಲ. ಬೆಳಗಿನಿಂದ ಗಂಟು ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು ಇದೇ ಆಗಿದೆ. ಏಳು ಬಾಗಿಲಿಗೆ ಏಳು ಸಾಮಾನು ಬೇಕು. ಹೋದ ಸಲದಂತೆ ಒಳ್ಳೆಯ ಬಳೆ ಕೊಟ್ಟು ಆಮೇಲೆ ಹೊಟ್ಟೆ ಉರಿಸಿಕೊಳ್ಳಬಾರದೆಂದು ಈ ಸಲ ಹಿಡಿ ಮುರಿದ ಸೌಟು, ಹಲ್ಲು ಹೋದ ಬಾಚಣಿಗೆ ಎಲ್ಲ ಹುಡುಕಿ ಇಟ್ಟಿದ್ದೇನೆ. ನನ್ನ ಗಂಡ ಕಟ್ಟೆಯ ಮೇಲೆ ಕೂತು ನಗುತ್ತಾನೆ.

"ಮದವಿಗೆ ಹೊಂಟಾಕಿಗತೆ ಕುಣ್ಯಾಕತ್ತೀಯಲ್ಲ, ಎಲ್ಲಿಗಿ ಹೊಂಟೀನಿ ಅನ್ನೋದರ ನೆನಪೈತೇನು?"

ನೆನಪಿದೆ. ಸತ್ತವರ ಊರಿಗೆ ಹೊರಟಿದ್ದೇನೆ. ಅದು ನಾವಿರುವ ಊರಿನ ಅಡಿಯಲ್ಲೇ ಇದೆ. ನಮ್ಮ ಸಂತೆಕಟ್ಟೆಯ ಹಿಂದಿನ ಮೆಟ್ಟಿಲ ಬಾವಿಯಲ್ಲಿ ನೀರಿಲ್ಲ, ಬಾಗಿಲುಗಳಿವೆ.

ನಮ್ಮೂರಿನ ದೇವರುಗಳು ಮೂಲತಃ ನಮ್ಮೂರಿನವರಲ್ಲ. ಎರಡು ದೊಡ್ಡ ಹೊಳೆಗಳ ನಡುವಿನ ನಾಡಿನಿಂದ, ಅಲ್ಲಿಯ ಗುಡಿಗಳೆಲ್ಲ ಮಣ್ಣುಗೂಡಿದ ಮೇಲೆ, ನಡೆದುಕೊಂಡು ಬಂದವರು. ಅಲ್ಲಿ ಗುಲಾ ಆಗಿದ್ದವಳು ಇಲ್ಲಿ ಗುಲವ್ವ ಆದಳು. ಇರ್ಕಲ್ಲ ಎಂಬ ಪಾತಾಳದ ಅರಸಿಗೆ ಎರೆಶ್‌ಕಿಗಲ್ ಎಂದು ಹೆಸರಿತ್ತಂತೆ. ನಮ್ಮ ನಾಲಿಗೆಗೆ ಅದು ಹೊರಳದೆ ಆಕೆ ಇರ್ಕಲ್ಲವ್ವ ಆದಳು. ಗುಲವ್ವ ಮೇಲುಗೇರಿಯಲ್ಲಿ ನಾಯಿಗಳ ಜೊತೆ ಇದ್ದು ರೋಗ ವಾಸಿ ಮಾಡುತ್ತಾಳೆ. ಇರ್ಕಲ್ಲವ್ವ ಕೆಳಗಿದ್ದು, ಬಂದವರನ್ನು ಇಟ್ಟುಕೊಳ್ಳುತ್ತಾಳೆ. ಇಬ್ಬರ ನಡುವೆ ಜಗಳವೇನೂ ಇಲ್ಲ. ಗುಲವ್ವನ ಪಕ್ಕದಲ್ಲಿ ಹಾವು ಹಿಡಿದು ನಿಂತಿರುವ ವೈದ್ಯದೇವರು ನಿನಜಪ್ಪ ಇರ್ಕಲ್ಲವ್ವನ ಹೊಟ್ಟೆಯಲ್ಲೇ ಹುಟ್ಟಿದವನು. ಮದ್ದಿನ ಬೇರುಗಳೆಲ್ಲ ಇರುವುದು ಕೆಳಗೆ ತಾನೆ.

ಗುಲವ್ವನ ಮನೆಯ ಪಡಸಾಲೆಯಲ್ಲಿ ರೋಗಿಗಳನ್ನು ಮಲಗಿಸುತ್ತಾರೆ. ಕಷಾಯ ಕುದಿಸುವವರು ಬೇರೆ, ಎಲುಬು ಕೂಡಿಸುವವರು ಬೇರೆ. ನಮ್ಮ ಮನೆತನದ ಹೆಂಗಸರದು ದನಿ ಕೊಡುವ ಕೆಲಸ. ರೋಗಿಯ ತಲೆಯ ಅತ್ತಿತ್ತ ಇಬ್ಬರು ಕೂರುತ್ತೇವೆ. ಅವನು "ಅಯ್ಯೋ ನನ್ನ ಸೊಂಟ" ಎಂದರೆ ನಾವಿಬ್ಬರೂ ಸೇರಿ "ಅಯ್ಯೋ ನಿನ್ನ ಸೊಂಟ" ಎನ್ನಬೇಕು. ಅವನು ನರಳಿದಷ್ಟೇ ನಾವು ನರಳಬೇಕು. ಹೆಚ್ಚು ನರಳಿದರೆ ರೋಗಿ ಹೆದರುತ್ತಾನೆ, ಕಡಿಮೆಯಾದರೆ ಸಿಟ್ಟಾಗುತ್ತಾನೆ. ಸರಿಯಾಗಿ ಬಿದ್ದಾಗ ಮಾತ್ರ ಅವನ ಮುಖ ಸಡಿಲಾಗುತ್ತದೆ, ಆಗ ನಾಯಿ ಬಂದು ಗಾಯ ನೆಕ್ಕುತ್ತದೆ. ಮೊದಲ ದನಿ ನನ್ನದು, ಎರಡನೆಯ ದನಿ ನನ್ನ ನೆಗೆಣ್ಣಿ ರೇವವ್ವನದು. ಆಕೆ ನನ್ನ ಭಾವನ ಹೆಂಡತಿ, ನನಗಿಂತ ದೊಡ್ಡವಳು, ನನಗಿಂತ ಕಪ್ಪು, ನನಗಿಂತ ಎಲ್ಲದರಲ್ಲೂ ನಿಧಾನ.

ನಾನು ಅವಸರದವಳು. ರೋಗಿ "ಅಯ್ಯೋ" ಎನ್ನುವುದರೊಳಗೆ ನಾನು "ಅಯ್ಯೋ ನಿನ್ನ" ಎಂದಾಗಿರುತ್ತಿತ್ತು. ಒಮ್ಮೆ ಒಬ್ಬ ಎಣ್ಣೆ ಗಾಣದವನು "ಅಯ್ಯೋ" ಎಂದಾಗ ನಾನು "ನಿನ್ನ ಹೊಟ್ಟಿ" ಎಂದುಬಿಟ್ಟೆ. ಅವನು ಪಾಪ ಹಲ್ಲು ನೋವಿಗೆ ಬಂದವನು. ಅವತ್ತು ಸಂಜೆಯವರೆಗೆ ರೇವವ್ವ ನನ್ನನ್ನು ಬೈದಳು. ದಿನಕ್ಕೆ ಎಷ್ಟು ಸಲ ಎಂದು ಯಾರೂ ಎಣಿಸಿಲ್ಲ, "ಅವಸರ ಮಾಡಬ್ಯಾಡ, ಸಂಕಿ" ಎನ್ನುವುದು ಅವಳ ಬಾಯಿಪಾಠವಾಗಿತ್ತು. ನಾನೂ ಸುಮ್ಮನಿರುತ್ತಿರಲಿಲ್ಲ, "ನೀ ಬರೋತನಕ ಕಾಯ್ಕೋತ ಕುಂತರ ರೋಗಿ ಮನೀಗೆ ಹೋಗಿ ಉಂಡು ಬರತಾನ" ಎನ್ನುತ್ತಿದ್ದೆ. ಒಂದೇ ಒಲೆಯಲ್ಲಿ ಅಡುಗೆ ಮಾಡಿ, ಒಂದೇ ಚಾಪೆಯಲ್ಲಿ ಕೂತು, ಹೀಗೆ ಜಗಳವಾಡಿಕೊಂಡೇ ನಮ್ಮ ತಲೆ ಅರ್ಧ ಬೆಳ್ಳಗಾಗಿತ್ತು.

ಗುಲವ್ವನ ನಾಯಿಗಳ ವಿಷಯ ಹೇಳದಿದ್ದರೆ ಆಗದು. ನಮ್ಮಲ್ಲಿ ನಾಯಿಗೆ ಒಂದು ಇಡೀ ಮಾತನ್ನೇ ಹೆಸರಾಗಿ ಇಡುತ್ತಾರೆ. ಒಂದರ ಹೆಸರು "ಬೊಗಳಿದರ ಊರೆಲ್ಲ ಕೇಳತೈತಿ", ಇನ್ನೊಂದರದು "ಕೆಟ್ಟದ್ದನ್ನ ಹೊರಗ ಅಟ್ಟು". ನಮ್ಮ ಪಡಸಾಲೆಯ ಕಂದು ನಾಯಿಯ ಹೆಸರು "ವಿಚಾರ ಮಾಡಬ್ಯಾಡ ಕಡಿ". ಪೂರ್ತಿ ಹೆಸರು ಕರೆಯದಿದ್ದರೆ ಅದು ತಿರುಗಿಯೂ ನೋಡುವುದಿಲ್ಲ. ಕರೆದು ಮುಗಿಸುವುದರೊಳಗೆ ಕೆಲವೊಮ್ಮೆ ಕಡಿದೂ ಆಗಿರುತ್ತದೆ.

ಇನ್ನು ನೆಲದ ಕೆಳಗಿನ ನರಳಾಟ. ಅದು ಆಗಾಗ ಬರುತ್ತಿತ್ತು. ಒಲೆಯ ಮೇಲಿನ ಹಾಲು ನಡುಗುತ್ತಿತ್ತು, ಗೂಡಿನಲ್ಲಿಟ್ಟ ತಟ್ಟೆಗಳು ಒಂದಕ್ಕೊಂದು ತಾಗುತ್ತಿದ್ದವು, ಆಮೇಲೆ ಅಂಗಾಲಿನಿಂದ ಎದೆಯವರೆಗೆ ಒಂದು ದನಿ ಏರುತ್ತಿತ್ತು. ಇರ್ಕಲ್ಲವ್ವ ನೋವು ತಿನ್ನುತ್ತಿದ್ದಳು. ಆಗ ಊರೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುವುದು ಪದ್ಧತಿ. ಮಾತಾಡಿದರೆ ದನಿಯ ಗುರುತು ಹಿಡಿದು ಕರೆಸಿಕೊಳ್ಳುತ್ತಾಳೆಂಬ ಭಯ. ಕ್ಷೌರಿಕ ಅರ್ಧ ಗಡ್ಡಕ್ಕೆ ಕತ್ತಿ ನಿಲ್ಲಿಸುತ್ತಿದ್ದ, ಸೊಪ್ಪು ಮಾರುವವಳು ಮೆಂತೆ ಎನ್ನುವುದನ್ನು ಮೆಂ ಎಂಬಲ್ಲಿಗೇ ನುಂಗುತ್ತಿದ್ದಳು, ಗಂಡಹೆಂಡಿರು ಜಗಳವನ್ನು ತಡೆದಿಟ್ಟುಕೊಂಡು ಕಣ್ಣಲ್ಲೇ ಮುಂದುವರಿಸುತ್ತಿದ್ದರು. ದನಿ ಇಳಿದ ಮೇಲೆ ಎಲ್ಲ ಬಿಟ್ಟಲ್ಲಿಂದ ಶುರುವಾಗುತ್ತಿತ್ತು. ನರಳುವವರಿಗೆಲ್ಲ ದನಿ ಕೊಡುವುದೇ ಕಸುಬಾದ ನಾವೂ ಬಾಯಿ ಮುಚ್ಚಿಕೊಂಡೇ ಕೂರುತ್ತಿದ್ದೆವು. ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನಿಸಿರಲಿಲ್ಲ.

ಕೆಳಗಿನಿಂದ ಕರೆ ತರುವವನು ನಮತಾರಪ್ಪ. ಬಿಳಿ ಧೋತರ, ಕಂಕುಳಲ್ಲಿ ಕೊಡೆ, ಬಹಳ ಮರ್ಯಾದೆಯ ಮನುಷ್ಯ. ಬಂದವನು ಮೊದಲು ಮಜ್ಜಿಗೆ ಕುಡಿಯುತ್ತಾನೆ, ಬೆಳೆ ಹೇಗಿದೆ ಎಂದು ಕೇಳುತ್ತಾನೆ, ಆಮೇಲೆ ಒಬ್ಬರ ಮುಖ ನೋಡಿ "ಹೋಗೋಣೇನ್ರಿ" ಎನ್ನುತ್ತಾನೆ. ಅವನು ಕರೆದವರು ಎದ್ದು ಒಗೆದ ಬಟ್ಟೆ ಉಟ್ಟು ತಮ್ಮ ಕಾಲಿನಿಂದಲೇ ನಡೆದು ಹೋಗುತ್ತಾರೆ. ಮೊದಲ ಬಾಗಿಲವರೆಗೆ ಮನೆಯವರು ಬಿಟ್ಟು ಬರಬಹುದು.

ಅವತ್ತು ಮಧ್ಯಾಹ್ನ ಅವನು ನಮ್ಮ ಪಡಸಾಲೆಗೆ ಬಂದ. ಚಾಪೆಯ ಮೇಲೆ ಮರದಿಂದ ಬಿದ್ದು ಕಾಲು ಮುರಿದುಕೊಂಡ ಬಡಿಗೇರ ಮಾನಪ್ಪ ಮಲಗಿದ್ದ. ನಾವೆಲ್ಲ ಅವನ ಕಡೆ ನೋಡಿದೆವು. ಮಾನಪ್ಪನೂ ಅದೇ ಎಣಿಸಿ, "ಯಪ್ಪಾ, ಕಾಲಷ್ಟ ಮುರದೈತ್ರಿ, ಉಳಿದದ್ದೆಲ್ಲಾ ಚಲೋ ಐತ್ರಿ" ಎಂದು ಕೈ ಮುಗಿದ. ನಮತಾರಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟ. ನಾಲ್ಕು ದಿನದ ಜ್ವರ ಮೈಮೇಲೆ ಇಟ್ಟುಕೊಂಡೇ ಕೆಲಸಕ್ಕೆ ಬಂದು ಕೂತಿದ್ದ ರೇವವ್ವನ ಕಡೆ ತಿರುಗಿ, "ಹೋಗೋಣೇನವಾ" ಎಂದ.

"ತಡೀರಿ, ಇವಂದು ಒಂದ ನರಳಾಟ ಉಳದೈತಿ" ಎಂದಳು ರೇವವ್ವ.

ಮಾನಪ್ಪ ಹೆದರಿ ನರಳುವುದನ್ನೇ ನಿಲ್ಲಿಸಿದ್ದ. ಅವಳೇ ಅವನ ಮಂಡಿ ಮೆಲ್ಲಗೆ ಒತ್ತಿ ನರಳಿಸಿ, ತನ್ನ ಪಾಲಿನ ದನಿ ಕೊಟ್ಟು ಎದ್ದಳು. ಒಗೆದ ಸೀರೆ ಉಟ್ಟು ಬಂದವಳ ಹಿಂದೆ ಬಾವಿಯವರೆಗೆ ನಡೆದೆವು. ಭಾವ ಗೋಡೆಗೆ ಮುಖ ಮಾಡಿ ನಿಂತ. ಅವಳು ಮೊದಲ ಬಾಗಿಲಲ್ಲಿ ನನ್ನ ಕಡೆ ತಿರುಗಿದಳು. ಏನಾದರೂ ದೊಡ್ಡ ಮಾತು ಹೇಳುತ್ತಾಳೆಂದು ನಾನು ಸೆರಗು ಬಾಯಿಗೆ ಇಟ್ಟುಕೊಂಡು ನಿಂತೆ. "ಹೊಸಾ ಜೋಡಿ ಸಿಗೂತನಕ ಅವಸರ ಮಾಡಬ್ಯಾಡ" ಎಂದಳು, ಇಳಿದು ಹೋದಳು.

ಪಡಸಾಲೆಗೆ ಬಂದು ಮಾನಪ್ಪನ ತಲೆಯ ಹತ್ತಿರ ಕೂತೆ. ಅವನು ನರಳಿದ, ನಾನು ದನಿ ಕೊಟ್ಟೆ. ಒಂದೇ ದನಿ. ಅದು ಒಂದೇ ಚಕ್ರದ ಬಂಡಿಯ ಹಾಗೆ ಅಲ್ಲೇ ಸುತ್ತಿ ಬಿತ್ತು. ಮಾನಪ್ಪ ಮುಖ ಆಚೆ ತಿರುಗಿಸಿಕೊಂಡ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ವರ್ಷ ನನ್ನನ್ನು ಬೈದವಳು, ಹೋಗುವಾಗ ಹೊಸ ಜೋಡಿ ಹುಡುಕಿಕೋ ಎನ್ನುತ್ತಾಳೆ. ಎದ್ದು ನಿಂತವಳು ನಾಯಿಯನ್ನು ಪೂರ್ತಿ ಹೆಸರಿನಿಂದ ಕರೆದೆ. "ವಿಚಾರ ಮಾಡಬ್ಯಾಡ ಕಡಿ" ಎಂದು ಜೋರಾಗಿ ಕೂಗಿದ ಕೂಡಲೇ ನನಗೂ ವಿಚಾರ ಮಾಡುವುದು ಬೇಡವೆನಿಸಿತು. ನಾಯಿ ಮುಂದೆ, ನಾನು ಹಿಂದೆ, ಸಂತೆಕಟ್ಟೆಯ ನಡುವೆಯೇ ಓಡಿದೆವು. ಯಾರೋ "ಸಂಕವ್ವಾ, ಎಲ್ಲಿಗಿ" ಎಂದರು. "ಕೆಳಗ" ಎಂದೆ. ಕರೆಯದೆ ಕೆಳಗೆ ಇಳಿದವರು ನಮ್ಮೂರಲ್ಲಿ ಯಾರೂ ಇರಲಿಲ್ಲ, ಬೇಡವೆಂಬ ಕಾನೂನೂ ಇರಲಿಲ್ಲ. ಯಾರಿಗೂ ಬೇಕೆನಿಸಿರಲಿಲ್ಲ, ಅಷ್ಟೆ.

ಮೊದಲ ಬಾಗಿಲಲ್ಲಿ ಕಾವಲಿನ ನೇತಪ್ಪ ಕೂತಿದ್ದ. ಮುದುಕ, ದೊಡ್ಡ ಮೀಸೆ. ಕಾಲಿನತ್ತ ಕೈ ತೋರಿಸಿದ. ಚಪ್ಪಲಿ ಬಿಟ್ಟೆ. ಎರಡನೆಯ ಬಾಗಿಲಿಗೆ ಬಂದರೆ ಅಲ್ಲಿಯೂ ಅವನೇ. ನಾನು ಓಡಿ ಇಳಿದರೂ ಅವನು ಹೇಗೆ ಮುಂದೆ ಬಂದು ಕೂತಿರುತ್ತಾನೋ ಇವತ್ತಿಗೂ ತಿಳಿದಿಲ್ಲ. ಅಲ್ಲಿ ಎಲೆಅಡಿಕೆಯ ಚೀಲ ಕೇಳಿದ. ನನಗೆ ಹೊಟ್ಟೆಗಿಲ್ಲದಿದ್ದರೂ ನಡೆದೀತು, ಎಲೆಅಡಿಕೆ ಇಲ್ಲದೆ ನಡೆಯದು.

"ಇದ್ಯಾಕ್ರಿ ನಿಮಗ?"

"ಸುಮ್ಮನಿರವಾ, ಕೆಳಗಿನ ಪದ್ಧತಿ ಐತಿ. ಪದ್ಧತಿಗಿ ಬಾಯಿ ಹಚ್ಚಬಾರದು."

ಮುಂದಿನ ಬಾಗಿಲಿಗೆ ಬಳೆ, ಅದರ ಮುಂದಿನದಕ್ಕೆ ಕಿವಿಯ ಓಲೆ. ಐದನೆಯದರಲ್ಲಿ ನನ್ನ ತಲೆ ನೋಡಿ ಚೌರಿ ಬಿಚ್ಚು ಎಂದ. ಅದು ಚೌರಿ ಎಂದು ನನ್ನ ಗಂಡನಿಗೂ ಗೊತ್ತಿರಲಿಲ್ಲ. ಬೋಳುಬೋಳಾದ ಜಡೆಯ ತುದಿ ಹಿಡಿದುಕೊಂಡು ಇಳಿದೆ. ಆರನೆಯದರಲ್ಲಿ ಮೂಗುಬೊಟ್ಟು ಹೋಯಿತು. ಒಂದೊಂದು ಬಾಗಿಲಿಗೂ ಮೈ ಹಗುರವಾಗುತ್ತಿತ್ತು. ಏಳನೆಯ ಬಾಗಿಲಲ್ಲಿ ಕೊಡುವುದಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

"ನಾಯಿ ಬಿಡವಾ" ಎಂದ ನೇತಪ್ಪ.

ನಾನು ಹೆಸರು ಕರೆಯಲೂ ಇಲ್ಲ. ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತ್ತು.

"ಅಯ್ಯೋ ನನ್ನ ಕಾಲು" ಎಂದ ಅವನು.

"ಅಯ್ಯೋ ನಿನ್ನ ಕಾಲು" ಎಂದೆ ನಾನು. ಬೇಕೆಂದು ಅಂದದ್ದಲ್ಲ, ಕಸುಬಿನ ಬಾಯಿ. ಅವನು ನೋವು ಮರೆತು ನನ್ನನ್ನೇ ನೋಡಿದ. ಮತ್ತೊಮ್ಮೆ, ಈ ಸಲ ಸ್ವಲ್ಪ ಆಸೆಯಿಂದಲೇ, "ಅಯ್ಯೋ ನನ್ನ ಕಾಲವಾ" ಎಂದ. ನಾನು ಮತ್ತೊಮ್ಮೆ ದನಿ ಕೊಟ್ಟೆ. ಅವನ ಮೀಸೆ ನಡುಗಿತು. "ಇಷ್ಟು ಕಾಲ ಬಾಗಿಲಾ ಕಾದೀನಿ, ನನ್ನ ಕಾಲಿನ ಸುದ್ದಿ ಯಾರೂ ತಗದಿರಲಿಲ್ಲ" ಎಂದು ಕಣ್ಣೊರೆಸಿಕೊಂಡು, ಕುಂಟುತ್ತ ಪಕ್ಕಕ್ಕೆ ಸರಿದು, ನಾಯಿಯ ಸಮೇತ ನನ್ನನ್ನು ಒಳಗೆ ಬಿಟ್ಟ.

ಒಳಗೆ ಬಾಗಿಲು ಹಾಕಿದ ಕಣಜದ ಹಾಗೆ ಮಬ್ಬು ಬೆಳಕು. ನಮ್ಮೂರಿನವರೆಲ್ಲ ಸಾಲಾಗಿ ಕೂತಿದ್ದರು, ಮೈಗೆ ಹಕ್ಕಿಯ ಪುಕ್ಕದ ಹೊದಿಕೆ, ಮುಂದಿನ ತಟ್ಟೆಯಲ್ಲಿ ಮಣ್ಣು. ದುಃಖದಲ್ಲೇನೂ ಇರಲಿಲ್ಲ, ಸಂಜೆ ಗೂಡು ಸೇರಿದ ಕೋಳಿಗಳಂತೆ ಸುಮ್ಮನಿದ್ದರು. ಸಾಲಿನ ಕೊನೆಯಲ್ಲಿ ರೇವವ್ವ. ಓಡಿ ಹೋಗಿ ಅವಳ ಮುಂದೆ ಕೂತೆ. "ಯಕ್ಕಾ, ನಾನು, ಸಂಕಿ. ಏಳು, ಹೋಗೋಣ." ಅವಳು ನನ್ನನ್ನು ಗೋಡೆ ನೋಡಿದಂತೆ ನೋಡಿದಳು. ಹೆಗಲು ಹಿಡಿದು ಅಲ್ಲಾಡಿಸಿದೆ. ಪುಕ್ಕ ಉದುರಿತು, ಅವಳು ಕದಲಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು. ಅವಳು ಸತ್ತದ್ದಕ್ಕಿಂತ ನನ್ನನ್ನು ಮರೆತದ್ದೇ ನನಗೆ ಹೆಚ್ಚು ನೋವು ಕೊಟ್ಟಿತು.

ಅಷ್ಟರಲ್ಲಿ ನರಳಾಟ ಎದ್ದಿತು. ಮೇಲೆ ತಟ್ಟೆ ನಡುಗಿಸುವ ದನಿ ಇಲ್ಲಿ ಎಲುಬು ನಡುಗಿಸುತ್ತಿತ್ತು. ಎದುರಿನ ಮಂಚದ ಮೇಲೆ ಇರ್ಕಲ್ಲವ್ವ ಮಲಗಿದ್ದಳು. ಹೆಗಲ ಮೇಲೆ ಬಟ್ಟೆಯಿಲ್ಲ, ಕೂದಲು ಈರುಳ್ಳಿ ತಪ್ಪಲಿನಂತೆ ರಾಶಿ ಬಿದ್ದಿದೆ, ಉಗುರುಗಳು ಮಂಚದ ಪಟ್ಟಿಯನ್ನು ಕಚ್ಚಿ ಹಿಡಿದಿವೆ. ಹೆರಿಗೆಯ ಕೋಣೆಯಲ್ಲಿ ನಾನು ಎಷ್ಟೋ ಸಲ ಕೂತವಳು. ಇದು ಹೆತ್ತ ಮೇಲೂ ಮುಗಿಯದೆ ಉಳಿದ ನೋವೆಂದು ನೋಡಿದ ಕೂಡಲೇ ತಿಳಿಯಿತು. ಸಾಲಿನಲ್ಲಿದ್ದವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದರು. ಸತ್ತ ಮೇಲೂ ಆ ಪದ್ಧತಿ ಬಿಟ್ಟಿರಲಿಲ್ಲ.

"ಅಯ್ಯೋ ನನ್ನ ಒಡಲು" ಎಂದಳು ಅರಸಿ.

"ಅಯ್ಯೋ ನಿನ್ನ ಒಡಲು" ಎಂದೆ.

ಅಂದ ಮೇಲೆ ಕೈ ಬಾಯಿಗೆ ಹೋಯಿತು, ಪ್ರಯೋಜನವಿರಲಿಲ್ಲ. ಆಕೆ ಕತ್ತೆತ್ತಿದಳು. "ಯಾರದು?" ನಾಯಿ ಕೂಡ ನನ್ನ ಕಾಲ ಹಿಂದೆ ಅಡಗಿತು. ಆಕೆಗೆ ಸಮಾಧಾನವಾಗಿರಲಿಲ್ಲ, ಸಿಟ್ಟು ಬಂದಿತ್ತು. ಬರದೆ ಏನು ಮಾಡೀತು, ನನ್ನದು ಒಂದೇ ದನಿ, ಅದೂ ಆಕೆ ಮುಗಿಸುವ ಮೊದಲೇ ನುಗ್ಗಿದ್ದು, ಹೆದರಿ ತೆಳ್ಳಗಾದದ್ದು. ಅಣಕಿಸಿದಂತೆ ಕೇಳಿಸಿರಬೇಕು. ಮಂಚದಿಂದ ಒಂದು ಕಾಲು ಕೆಳಗಿಟ್ಟಳು. ನನ್ನ ಕಥೆ ಮುಗಿಯಿತೆಂದುಕೊಂಡೆ. ಆದರೂ ಆಕೆಗೆ ಮತ್ತೆ ನೋವು ಬಂದು "ಅಯ್ಯೋ ನನ್ನ ಬೆನ್ನು" ಎನ್ನುವಷ್ಟರಲ್ಲಿ ನನ್ನ ಬಾಯಿ ತೆರೆದೇ ಬಿಟ್ಟಿತ್ತು.

"ಅವಸರ ಮಾಡಬ್ಯಾಡ, ಸಂಕಿ."

ಸಾಲಿನ ಕೊನೆಯಿಂದ ಬಂತು. ಕಸುಬಿನ ಸಿಟ್ಟಿನ ದನಿ, ನಿದ್ದೆಯಿಂದ ಎಬ್ಬಿಸಿದವರ ಮೇಲೆ ರೇಗಿದ ದನಿ. ರೇವವ್ವ ಪುಕ್ಕ ಕೊಡವಿಕೊಂಡು ಎದ್ದು ಬಂದು ಮಂಚದ ಆಚೆ ಬದಿಗೆ ಕೂತಳು. ನಾನು ಈಚೆ ಬದಿಗೆ ಕೂತೆ. ನನ್ನ ಜೀವಮಾನದಲ್ಲಿ ಮೊದಲ ಸಲ ಕಾದೆ. "ಅಯ್ಯೋ ನನ್ನ ಬೆನ್ನು" ಪೂರ್ತಿ ಮುಗಿಯಲು ಬಿಟ್ಟೆ. ಆಮೇಲೆ ನಾವಿಬ್ಬರೂ ಸೇರಿ, "ಅಯ್ಯೋ ನಿನ್ನ ಬೆನ್ನು" ಎಂದೆವು. ಎಷ್ಟೋ ಹೊತ್ತು ಆಕೆ ಒಂದೊಂದೇ ನೋವಿನ ಹೆಸರು ಹೇಳಿದಳು, ನಾವು ಒಂದೊಂದನ್ನೂ ಹೊತ್ತೆವು. ಕೊನೆಗೆ ಆಕೆಯ ಉಗುರುಗಳು ಪಟ್ಟಿಯನ್ನು ಬಿಟ್ಟವು. ನಾಯಿ ಮುಂದೆ ಬಂದು ಆಕೆಯ ಪಾದ ನೆಕ್ಕಿತು.

"ಮ್ಯಾಲಿನವರಿಗೆ ಕೇಳಸಂಗಿಲ್ಲ ಅಂದಕೊಂಡಿದ್ದೆ" ಎಂದಳು ಇರ್ಕಲ್ಲವ್ವ.

ನನಗೆ ತಲೆ ಎತ್ತಲಾಗಲಿಲ್ಲ. "ಕೇಳಸ್ತಿತ್ತವಾ. ಅಂಜಿ ಬಾಯಿ ಮುಚಗೊಂಡ ಕುಂದರತಿದ್ವಿ."

ಆಕೆ ಬೈಯಲಿಲ್ಲ. ಏನು ಬೇಕು ಕೇಳು ಎಂದಳು. ಎಂದೂ ಬತ್ತದ ಹೊಳೆ ಕೊಡುತ್ತೇನೆ, ಕಾಳು ಮುಗಿಯದ ಹೊಲ ಕೊಡುತ್ತೇನೆ ಎಂದಳು. ಅವೆಲ್ಲ ಬೇಡ, ನಮ್ಮಕ್ಕನನ್ನು ಕೊಡು ಎಂದೆ.

"ಆಕಿ ಏಳೂ ಬಾಗಿಲಾ ದಾಟಿ ಬಂದಾಕಿ. ಆಕಿ ಜಾಗಾ ಖಾಲಿ ಬಿಡಾಕ ನನಗೂ ಬರಂಗಿಲ್ಲ."

"ಹಂಗಾರ ನಾ ಇರತೀನಿ."

"ಈಕಿ ಒಬ್ಬಾಕೀನ ಇಟಗೋಬ್ಯಾಡವಾ" ಎಂದಳು ರೇವವ್ವ. "ಈಕಿ ದನಿ ಕೇಳಿ ನಿನ್ನ ನೋವು ದೀಡ ಪಟ್ಟು ಆಕ್ಕೈತಿ. ನಾ ಇರತೀನಿ, ಈಕಿ ಹೋಗಲಿ."

"ನಿನ್ನ ಕರಕೊಂಡ ಹೋಗಾಕ ನಾ ಚೌರಿ ಕಳಕೊಂಡ ಬಂದೀನಿ, ಗೊತ್ತೈತೇನು?"

"ಅದು ಚೌರಿ ಅಂತ ನನಗ ಮೊದಲಿಂದಾನೂ ಗೊತ್ತಿತ್ತು."

ಸಾವಿನ ಅರಸಿಯ ಮಂಚದ ಅತ್ತಿತ್ತ ಕೂತು ನಾವಿಬ್ಬರೂ ಅಡುಗೆಮನೆಯಲ್ಲಿ ಆಡುವಂತೆ ಜಗಳವಾಡಿದೆವು. ಸಾಲಿನಲ್ಲಿ ಯಾರೋ ನಕ್ಕರು. ಇನ್ನೊಬ್ಬರು ನಕ್ಕರು. ಪುಕ್ಕಗಳೆಲ್ಲ ಅಲ್ಲಾಡತೊಡಗಿದವು. ಇರ್ಕಲ್ಲವ್ವ ಕೈ ಎತ್ತಿ, "ಸಾಕು. ಬಿತ್ತಗಿಯಿಂದ ಸುಗ್ಗೀತನಕ ಒಬ್ಬಾಕಿ, ಸುಗ್ಗಿಯಿಂದ ಬಿತ್ತಗೀತನಕ ಒಬ್ಬಾಕಿ. ಒಬ್ಬಾಕಿ ಇಲ್ಲಿಂದ ದನಿ ಕೊಡಲಿ, ಇನ್ನೊಬ್ಬಾಕಿ ಮ್ಯಾಲಿಂದ" ಎಂದಳು. ಅಲ್ಲಿಗೆ ತೀರ್ಮಾನವಾಯಿತು. ಮೊದಲ ಸರದಿ ನನ್ನದು. ರೇವವ್ವ ನಾಯಿಯ ಜೊತೆ, ಕೈಯಲ್ಲಿ ನನ್ನ ಚೌರಿ ಹಿಡಿದುಕೊಂಡು ಮೇಲೆ ಹೋದಳು. ಅದನ್ನು ನೋಡಿ ನನ್ನ ಗಂಡ ಗೋಳೋ ಎಂದು ಅತ್ತನಂತೆ.

ಈಗ ನಮ್ಮೂರಲ್ಲಿ ನೆಲ ನಡುಗಿದರೆ ಯಾರೂ ಬಾಯಿ ಮುಚ್ಚುವುದಿಲ್ಲ. ಶುರುವಿನಲ್ಲಿ ಹೆದರಿದರು, ಮೊದಲು ದನಿ ಕೂಡಿಸಿದವನು ಕಾಲು ನೆಟ್ಟಗಾದ ಮಾನಪ್ಪ. ಈಗ ಕ್ಷೌರಿಕ ಕತ್ತಿ ಎತ್ತಿ ಹಿಡಿದು ನೆಲಕ್ಕೆ ದನಿ ಕೊಡುತ್ತಾನೆ, ಗಡ್ಡದ ಸಾಬೂನಿನವನೂ ಕೊಡುತ್ತಾನೆ. ಆದರೆ ಮೊದಲ ದನಿ ನಮ್ಮಿಬ್ಬರದೇ, ಒಂದು ಮೇಲಿಂದ, ಒಂದು ಕೆಳಗಿಂದ.

ನಾವಿಬ್ಬರೂ ಮುಖ ನೋಡುವುದು ಸರದಿ ಬದಲಾಗುವ ದಿನ ಮಾತ್ರ, ನಾಲ್ಕನೆಯ ಬಾಗಿಲ ಮೆಟ್ಟಿಲ ಮೇಲೆ. ಒಬ್ಬಳು ಹತ್ತಿ ಬರುತ್ತಾಳೆ, ಇನ್ನೊಬ್ಬಳು ಇಳಿದು ಹೋಗುತ್ತಾಳೆ. ಒಂದು ಎಲೆ ಅಗಿದು ಮುಗಿಯುವಷ್ಟು ಹೊತ್ತು ನೇತಪ್ಪ ಗೋಡೆಯ ಕಡೆ ತಿರುಗಿ ಕಾಲು ನೀವಿಕೊಳ್ಳುತ್ತಾನೆ. ಎರಡನೆಯ ಬಾಗಿಲಲ್ಲಿ ಎಲೆಅಡಿಕೆ ಕಸಿಯುವುದು ಅವನ ಪದ್ಧತಿ, ಅದಕ್ಕೆ ಈ ಸಲ ಎರಡು ಎಲೆ ಮಡಿಸಿ ನಾಯಿಯ ಕೊರಳಪಟ್ಟಿಗೆ ಕಟ್ಟಿದ್ದೇನೆ. ಅಲ್ಲಿಗೆ ಕೈ ಹಾಕುವ ಧೈರ್ಯ ಅವನಿಗಿಲ್ಲ. ಹೇಳುವುದು ಎಷ್ಟಿದೆ. ಭಾವ ಹೊಸ ಒಲೆ ಹಾಕಿಸಿದ್ದು, ಹೊಗೆಯೆಲ್ಲ ಒಳಗೇ ಬರುವುದು, "ಬೊಗಳಿದರ ಊರೆಲ್ಲ ಕೇಳತೈತಿ" ಮರಿ ಹಾಕಿದ್ದು. ಒಂದು ಎಲೆಯ ಹೊತ್ತಿನಲ್ಲಿ ಇಷ್ಟೆಲ್ಲ ಹೇಳಬೇಕಾದರೆ ಅವಸರ ಮಾಡದೆ ಹೇಗಾಗುತ್ತದೆ.

ಒಂದೇ ಹೆದರಿಕೆ. ಕೆಳಗೆ ಮಣ್ಣು ತಿಂದು ಕೂತವರಿಗೆ ಮರೆವು ಬರುತ್ತದೆ. ಹೋದ ಸಲ ಸರದಿ ಮುಗಿಯುವ ಹೊತ್ತಿಗೆ ನನಗೆ ನನ್ನ ಗಂಡನ ಹೆಸರು ನೆನಪಿರಲಿಲ್ಲ, ತೋಳಿನ ಮೇಲೆ ಸಣ್ಣ ಪುಕ್ಕ ಮೂಡಿತ್ತು. ಸರದಿ ತುಂಬುವ ಮೊದಲೇ ರೇವವ್ವ ನನ್ನನ್ನು ಮರೆತರೆ ನಾಲ್ಕನೆಯ ಬಾಗಿಲಲ್ಲಿ ನನ್ನ ಪಕ್ಕದಿಂದಲೇ ಸುಮ್ಮನೆ ಹತ್ತಿ ಹೋದಾಳು.

ಇದೋ, ಒಲೆಯ ಮೇಲಿನ ಹಾಲು ನಡುಗಿತು. ಗೂಡಿನ ತಟ್ಟೆಗಳು ತಾಗಿದವು. ನನ್ನ ಗಂಡ ಕಟ್ಟೆಯಿಂದ ಎದ್ದು ನಿಂತ. ಅಂಗಾಲಿಗೆ ಇರ್ಕಲ್ಲವ್ವನ ದನಿ ಬಂತು. ಎಷ್ಟು ಕಾಯಬೇಕೆಂದು ಈಗ ನನಗೆ ಚೆನ್ನಾಗಿ ಗೊತ್ತು. ಆದರೂ ಪ್ರತಿ ಸಲ ಮೊದಲ ನರಳಾಟಕ್ಕೆ ಬೇಕೆಂದೇ ತಪ್ಪು ಮಾಡುತ್ತೇನೆ. ಆಕೆ ಮುಗಿಸುವ ಮೊದಲೇ ಬಾಯಿ ತೆರೆದು ನುಗ್ಗಿದೆ. ಆಮೇಲೆ ಗಂಟು ಬಿಟ್ಟು ನೆಲಕ್ಕೆ ಕಿವಿ ಹಚ್ಚಿ ಮಲಗಿದೆ. ಇವತ್ತು ರೇವವ್ವನ ದನಿ ತಡವಾಯಿತು. ಹಾಲು ಉಕ್ಕಿ ಒಲೆಗೆ ಬಿತ್ತು, ಯಾರೂ ಏಳಲಿಲ್ಲ, ನನ್ನ ಗಂಡನೂ ನನ್ನ ಪಕ್ಕದಲ್ಲೇ ಕಿವಿ ಹಚ್ಚಿ ಮಲಗಿದ್ದ.

ಬಹಳ ಕೆಳಗಿನಿಂದ, ನಿಧಾನವಾಗಿ, ರೇಗಿಕೊಂಡು ಅವಳು ನನ್ನನ್ನು ಬೈದಳು.